ದಿಂಬಂ ತಿರುವಿನಲ್ಲಿ ಊದಿಕೊಂಡ ಚಿಪ್ಸ್ ಪೊಟ್ಟಣ: ಬಾಯ್ಲ್ ನಿಯಮ ಕಲಿಸಲು ನಮ್ಮ ಘಾಟ್ ರಸ್ತೆಯೇ ಸಾಕು

ಸತ್ಯಮಂಗಲದಿಂದ ತಾಳವಾಡಿ ಕಡೆಗೆ ಬರುವ ಬಸ್ಸು. ಬಣ್ಣಾರಿ ಅಮ್ಮನಿಗೆ ಕೈ ಮುಗಿದು ಎಲ್ಲರೂ ಸೀಟು ಗಟ್ಟಿಯಾಗಿ ಹಿಡಿದುಕೊಂಡರು. ಮುಂದೆ 27 ತಿರುವು. ನನ್ನ ಎದುರಿನ ಸೀಟಿನಲ್ಲಿ ಒಬ್ಬ ರೈತ, ಅವರ ಮಗಳು, ಮಗ. ಹುಡುಗನ ಕೈಯಲ್ಲಿ ಚಿಪ್ಸ್ ಪೊಟ್ಟಣ. ಊರಿಗೆ ಹೋದ ಮೇಲೆ ಒಡೆಯಬೇಕು ಎಂದು ಅಪ್ಪನ ಆಜ್ಞೆಯಾಗಿತ್ತೋ ಏನೋ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಾ ಕೂತಿದ್ದ.

ಹದಿನೈದನೇ ತಿರುವು ದಾಟಿರಬೇಕು. ಹುಡುಗ ಅಕ್ಕನ ತೋಳು ಎಳೆದು ಕೇಳಿದ, "ಅಕ್ಕಾ, ಇದ್ಯಾಕ ಹಿಂಗ ಊದ್ಕಂಡದ?"

"ಒಳಗ ಗಾಳಿ ತುಂಬಿರ್ತಾರ, ಅದ್ಕ."

"ಸತ್ಯಮಂಗಲ್ದಲ್ಲಿ ಹಿಂಗಿರ್ನಿಲ್ವಲ್ಲ?"

ಅಕ್ಕನ ಬಳಿ ಉತ್ತರ ಇರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ, ಯಾವ ಕ್ಲಾಸಮ್ಮ ಎಂದೆ. ಹತ್ತನೇ ಕ್ಲಾಸ್, ಕನ್ನಡ ಮೀಡಿಯಂ. ಬಾಯ್ಲ್ ನಿಯಮ ಗೊತ್ತಾ ಎಂದೆ. ಗೊತ್ತಿತ್ತು! ಉಷ್ಣತೆ ಸ್ಥಿರವಾಗಿದ್ದಾಗ ನಿರ್ದಿಷ್ಟ ರಾಶಿಯ ಅನಿಲದ ಗಾತ್ರವು ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಆದರೆ ಆ ನಿಯಮ ತಮ್ಮನ ತೊಡೆಯ ಮೇಲೆ ಕೂತಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. "ಹನ್ನೊಂದಕ್ಕೆ ಸೈನ್ಸ್ ಬೇಡ ಅಂತವ್ಳೆ. ಅಲ್ಲಿ ಎಲ್ಲಾ ತಮಿಳು, ಇಲ್ದಿದ್ರ ಇಂಗ್ಲಿಷು. ಮತ್ತೆ ಮೊದ್ಲಿಂದ ಬಾಯಿಪಾಠ ಮಾಡ್ಬೇಕಲ್ಲಣ್ಣ" ಎಂದರು ಅಪ್ಪ.

ಆ ಮಾತು ನನ್ನನ್ನು ಚುಚ್ಚಿತು. ಯಾಕೆಂದರೆ ನಾನೂ ಹಾಗೆ ಹೆದರಿಯೇ ಬಿ.ಎ. ಸೇರಿದವನು. ಬಾಯಿಪಾಠ ಮಾಡಿದವರಿಗೆ ಭಾಷೆ ಬದಲಾದರೆ ಪಾಠವೇ ಬದಲಾಗುತ್ತದೆ. ಪೊಟ್ಟಣ ನೋಡಿ ಕಲಿತವರಿಗೆ ಭಾಷೆ ಬದಲಾದರೆ ನಾಲ್ಕು ಪದ ಬದಲಾಗುತ್ತದೆ, ಅಷ್ಟೇ. ಆ ಪದಗಳನ್ನು ಮೊದಲು ಮುಗಿಸಿಬಿಡೋಣ.

ಪದಗಳ ಗೋಜಲು

ಕನ್ನಡದಲ್ಲಿ ಒತ್ತಡ ಎಂಬುದು ತಮಿಳಿನಲ್ಲಿ 'ಅಳುತ್ತಂ'. ಕನ್ನಡದ ಕಿವಿಗೆ ಇದು ಅಳುವ ಹಾಗೆ ಕೇಳುತ್ತದೆ, ಆದರೆ ಅರ್ಥ ಒತ್ತುವುದು, ಅಮುಕುವುದು. ಕನ್ನಡದಲ್ಲಿ ಅನಿಲ ಎನ್ನುವುದು ತಮಿಳು ಪುಸ್ತಕದಲ್ಲಿ 'ವಾಯು'. ಇಲ್ಲಿ ಎಚ್ಚರ ಬೇಕು. ನಾವು ವಾಯು ಎಂದರೆ ಗಾಳಿ ಎಂದುಕೊಳ್ಳುತ್ತೇವೆ, ತಮಿಳು ವಿಜ್ಞಾನದ ಪುಸ್ತಕದಲ್ಲಿ ಅದು ಯಾವ ಅನಿಲವೂ ಆಗಬಹುದು. ವಿಲೋಮಾನುಪಾತಕ್ಕೆ 'ಎದಿರ್ ತಗವು' ಎನ್ನುತ್ತಾರೆ. ಅದರಲ್ಲಿರುವ 'ಎದಿರ್' ನಮ್ಮ ಎದುರೇ.

ಹೆಚ್ಚು ತೊಂದರೆ ಕೊಡುವುದು ಗಾತ್ರ. ತಮಿಳಿನಲ್ಲಿ ಇದಕ್ಕೆ 'ಪರುಮನ್' ಎನ್ನುತ್ತಾರೆ, 'ಕನ ಅಳವು' ಎಂದೂ ಹೇಳುತ್ತಾರೆ. ಪರುಮನ್ ಎಂದರೆ ಆಡುಮಾತಿನಲ್ಲಿ ದಪ್ಪ, ಬೊಜ್ಜು. ಕನ್ನಡದಲ್ಲೂ ಗಾತ್ರ ಎಂದರೆ ಸೈಜು ಎಂದೇ ಮಕ್ಕಳ ಮನಸ್ಸಿನಲ್ಲಿರುತ್ತದೆ. ಸಾಲದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಇದೇ ವಸ್ತುವಿಗೆ ಘನಫಲ ಎನ್ನುತ್ತಾರೆ! ಮೂರೂ ಒಂದೇ: ಒಂದು ವಸ್ತು ಹಿಡಿಯುವ ಜಾಗ, ಲೀಟರಿನಲ್ಲೋ ಮಿಲಿಲೀಟರಿನಲ್ಲೋ ಅಳೆಯುವಂಥದ್ದು. ಒಂದು ಲೀಟರ್ ಬಾಟಲಿ ತೋರಿಸಿ 'ಇದರೊಳಗಿನ ಜಾಗ' ಎಂದರೆ ಎರಡು ಭಾಷೆಯ ಮಗುವಿಗೂ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಪೊಟ್ಟಣ ಊದಿದ್ದೇಕೆ?

ಬಸ್ಸಿನಲ್ಲಿ ಪೊಟ್ಟಣಕ್ಕೆ ಯಾರೂ ಗಾಳಿ ಊದಲಿಲ್ಲ. ಒಳಗೆ ಇದ್ದಷ್ಟೇ ಅನಿಲ ಇದೆ. (ಚಿಪ್ಸ್ ಪೊಟ್ಟಣಕ್ಕೆ ಸಾಮಾನ್ಯವಾಗಿ ತುಂಬುವುದು ಬರೀ ಗಾಳಿಯಲ್ಲ, ಸಾರಜನಕ. ಎಣ್ಣೆ ಪದಾರ್ಥ ಕಮಟು ವಾಸನೆ ಹಿಡಿಯದಿರಲಿ ಎಂದು. ನಿಯಮಕ್ಕೆ ಯಾವ ಅನಿಲವಾದರೂ ಒಂದೇ.) ಬದಲಾದದ್ದು ಹೊರಗೆ.

ನಮ್ಮ ತಲೆಯ ಮೇಲೆ ಮೈಲಿಗಟ್ಟಲೆ ಎತ್ತರಕ್ಕೆ ಗಾಳಿ ನಿಂತಿದೆ. ಅದಕ್ಕೂ ತೂಕವಿದೆ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರ್ ಜಾಗದ ಮೇಲೆ ಅದು ಸುಮಾರು ಒಂದು ಕೆ.ಜಿ. ತೂಕದಷ್ಟು ಒತ್ತುತ್ತದೆ. ಬೆಟ್ಟ ಹತ್ತುತ್ತಾ ಹೋದಂತೆ ಒಂದಷ್ಟು ಗಾಳಿಯನ್ನು ಕೆಳಗೆ ಬಿಟ್ಟು ಬರುತ್ತೇವೆ, ಮೇಲಿರುವುದು ಕಡಿಮೆಯಾಗುತ್ತದೆ. ನಮ್ಮ ಎತ್ತರಗಳಲ್ಲಿ ಪ್ರತಿ 100 ಮೀಟರ್ ಏರಿದರೆ ಒತ್ತಡ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಬಣ್ಣಾರಿಯಿಂದ ದಿಂಬಂ ತಲೆಗೆ ಏರು ಹೆಚ್ಚುಕಡಿಮೆ ಮುಕ್ಕಾಲು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನೂರಕ್ಕೆ ಎಂಟು ಪಾಲು ಒತ್ತಡ ಹೋಯಿತು.

ಕೆಳಗಿದ್ದಾಗ ಹೊರಗಿನ ಗಾಳಿ ಪೊಟ್ಟಣವನ್ನು ಅಮುಕಿ ಹಿಡಿದಿತ್ತು. ಮೇಲೆ ಬಂದಾಗ ಆ ಹಿಡಿತ ಸಡಿಲವಾಯಿತು. ಒಳಗಿನ ಅನಿಲ ಹರಡಿಕೊಂಡಿತು. ಒತ್ತಡ ಕಡಿಮೆ, ಗಾತ್ರ ಹೆಚ್ಚು. ಪೊಟ್ಟಣ ಬಿಗಿಯಾದ ಮೇಲೆ ಮಾತ್ರ ಹರಡಲು ಜಾಗವಿರುವುದಿಲ್ಲ, ಆಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿ ಪೊಟ್ಟಣ ತಮಟೆಯ ಹಾಗೆ ಬಿಗಿಯುತ್ತದೆ.

ಇಳಿಯುವಾಗ ಬಾಟಲಿ ಮಾಡಿ ನೋಡಿ

ಪೊಟ್ಟಣದಲ್ಲಿ ಅಳೆಯುವುದು ಕಷ್ಟ. ಅಳೆಯಬೇಕಾದರೆ ಇಳಿಯುವಾಗ ಮಾಡಬೇಕು. ಒಂದು ಲೀಟರಿನ ತೆಳು ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ, ದಿಂಬಂನಲ್ಲಿ ಮುಚ್ಚಳ ಬಿಗಿಯಾಗಿ ತಿರುಗಿಸಿ. ಬಣ್ಣಾರಿ ತಲುಪುವ ಹೊತ್ತಿಗೆ ಬಾಟಲಿಯ ಪಕ್ಕೆ ಯಾರೋ ಹಿಸುಕಿದ ಹಾಗೆ ಒಳಕ್ಕೆ ಹೋಗಿರುತ್ತದೆ. ಈಗ ಅದನ್ನು ಬಕೆಟ್ ನೀರಿನೊಳಗೆ ತಲೆಕೆಳಗಾಗಿ ಮುಳುಗಿಸಿ, ನೀರಿನೊಳಗೇ ಮುಚ್ಚಳ ತೆಗೆಯಿರಿ. ಬಾಟಲಿ ಮತ್ತೆ ಉಬ್ಬುತ್ತಾ ನೀರು ಒಳಗೆ ನುಗ್ಗುತ್ತದೆ. ನೀರಿನೊಳಗೇ ಮುಚ್ಚಳ ಹಾಕಿ, ಹೊರಗೆ ತೆಗೆದು, ಒಳಗೆ ಬಂದ ನೀರನ್ನು ಅಳೆಯಿರಿ.

ಲೆಕ್ಕದ ಪ್ರಕಾರ ಸುಮಾರು 80 ಮಿ.ಲೀ. ನೀರು ಬರಬೇಕು. ಬರುವುದಿಲ್ಲ. 50, 60 ಬಂದರೆ ಹೆಚ್ಚು. ಇಲ್ಲಿಯೇ ಮೇಷ್ಟ್ರಿಗೆ ಒಳ್ಳೆಯ ಅವಕಾಶವಿರುವುದು. ನಿಯಮ ಸುಳ್ಳೇ? ಅಲ್ಲ. ನಿಯಮದ ಮೊದಲ ಎರಡು ಪದವನ್ನು ಎಲ್ಲರೂ ಮಂತ್ರದ ಹಾಗೆ ಹೇಳಿ ಮರೆಯುತ್ತಾರೆ: 'ಉಷ್ಣತೆ ಸ್ಥಿರವಾಗಿದ್ದಾಗ'. ದಿಂಬಂನಲ್ಲಿ ತಂಪು, ಬಣ್ಣಾರಿಯಲ್ಲಿ ಬೇಗೆ. ಎಂಟು ಡಿಗ್ರಿ ವ್ಯತ್ಯಾಸವಿದ್ದರೆ ಒಳಗಿನ ಗಾಳಿ ಕಾದು ನೂರಕ್ಕೆ ಸುಮಾರು ಮೂರು ಪಾಲು ಹಿಗ್ಗಿರುತ್ತದೆ. ಒತ್ತಡ ಕುಗ್ಗಿಸಿದ್ದನ್ನು ಬಿಸಿ ಒಂದಷ್ಟು ಹಿಗ್ಗಿಸಿತು. ಮುಚ್ಚಳ ತೆಗೆಯುವ ಮುಂಚೆ ಬಾಟಲಿಯನ್ನು ಮಡಕೆಯ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಉತ್ತರ 80ರ ಹತ್ತಿರ ಬರುತ್ತದೆ. ಆ ಎರಡು ಪದ ಯಾಕಿದೆ ಎಂಬುದು ಪುಸ್ತಕದಲ್ಲಿ ಹತ್ತು ಸಲ ಓದಿದರೂ ಇಷ್ಟು ಚೆನ್ನಾಗಿ ತಿಳಿಯಲಾರದು.

ಇದು ಬೆಟ್ಟದಲ್ಲೇ ಹುಟ್ಟಿದ ಪಾಠ

ಈ ನಿಯಮ ಯಾವುದೋ ದೊಡ್ಡ ಪ್ರಯೋಗಶಾಲೆಯ ಸಂಗತಿ ಎಂದುಕೊಂಡರೆ ತಪ್ಪು. 1648ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತನ್ನ ಭಾವ ಪೆರಿಯೆಯನ್ನು ಪ್ಯುಯಿ ದ ಡೋಮ್ ಎಂಬ ಬೆಟ್ಟ ಹತ್ತಿಸಿದ. ಕೈಯಲ್ಲಿ ಪಾದರಸದ ಕೊಳವೆ. ಮೇಲೆ ಹೋದಂತೆ ಪಾದರಸದ ಮಟ್ಟ ಇಳಿಯಿತು. ಗಾಳಿಗೆ ತೂಕವಿದೆ, ಬೆಟ್ಟದ ಮೇಲೆ ಅದು ಕಡಿಮೆ ಎಂದು ಗೊತ್ತಾದದ್ದು ಹೀಗೆ.

1661ರಲ್ಲಿ ಇಂಗ್ಲೆಂಡಿನ ಹೆನ್ರಿ ಪವರ್ ಮತ್ತು ರಿಚರ್ಡ್ ಟೌನ್ಲಿ ಎಂಬಿಬ್ಬರು ಪೆಂಡ್ಲ್ ಬೆಟ್ಟದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೊಳವೆಯೊಳಗೆ ಕಣಿವೆಯ ಗಾಳಿಯನ್ನು ಹಿಡಿದು ಬೆಟ್ಟಕ್ಕೆ ಒಯ್ದರು, ಬೆಟ್ಟದ ಗಾಳಿಯನ್ನು ಹಿಡಿದು ಕಣಿವೆಗೆ ತಂದರು. ಹತ್ತುವಾಗ ಎಷ್ಟು ಹಿಗ್ಗಿತು, ಇಳಿಯುವಾಗ ಎಷ್ಟು ಕುಗ್ಗಿತು ಎಂದು ಬರೆದಿಟ್ಟರು. ಪೆಂಡ್ಲ್ ಬೆಟ್ಟದ ಎತ್ತರ 557 ಮೀಟರ್. ನಮ್ಮ ದಿಂಬಂ ಅದಕ್ಕಿಂತ ಎತ್ತರ. ಅವರು ಕಷ್ಟಪಟ್ಟು ಮಾಡಿದ್ದನ್ನು ನಮ್ಮ ಹುಡುಗ ಟಿಕೆಟ್ ಕೊಟ್ಟು ಬಸ್ಸಿನಲ್ಲಿ ಕೂತು ಮಾಡಿದ.

ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್ ತನ್ನ ಲೆಕ್ಕವನ್ನು ಪ್ರಕಟಿಸಿದ್ದು 1662ರಲ್ಲಿ. ಇದು ಟೌನ್ಲಿಯ ಊಹೆ ಎಂದು ಅವನೇ ಒಪ್ಪಿಕೊಂಡಿದ್ದ. ಹೆಸರು ಮಾತ್ರ ಬಾಯ್ಲ್‌ಗೆ ನಿಂತಿತು. ಅವನು ಮಾಡಿದ್ದು ಇಷ್ಟು: ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿದ ಉದ್ದ ಗಾಜಿನ ಕೊಳವೆ, ಚಿಕ್ಕ ತುದಿ ಮುಚ್ಚಿದೆ, ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಉದ್ದ ತುದಿಯಿಂದ ಪಾದರಸ ಸುರಿಯುತ್ತಾ ಹೋದ. ಕೊಳವೆ ಎಷ್ಟು ಉದ್ದವೆಂದರೆ ಕೋಣೆಯಲ್ಲಿ ಹಿಡಿಸದೆ ಮೆಟ್ಟಿಲ ಬಳಿ ನಿಲ್ಲಿಸಬೇಕಾಯಿತು. ಒಂದು ಕೊಳವೆ ಒಡೆದೂ ಹೋಯಿತು. (ಇದನ್ನು ಶಾಲೆಯಲ್ಲಿ ಮಾಡಲು ಹೋಗಬೇಡಿ. ಪಾದರಸ ವಿಷ.)

ಅವನ ಪಟ್ಟಿಯಿಂದ ಮೂರೇ ಸಾಲು ನೋಡಿ. ಗಾಳಿಯ ಗಾತ್ರ 48 ಗೆರೆ ಇದ್ದಾಗ ಒತ್ತಡ 29.1 ಅಂಗುಲ ಪಾದರಸ. ಗಾತ್ರ 24ಕ್ಕೆ ಇಳಿದಾಗ ಒತ್ತಡ 58.8. ಗಾತ್ರ 12 ಆದಾಗ 117.6. ಗುಣಿಸಿ ನೋಡಿ, ಮೂರೂ ಸಲ 1400ರ ಆಸುಪಾಸು. ಸರಿಯಾಗಿ ಒಂದೇ ಸಂಖ್ಯೆ ಬರುವುದಿಲ್ಲ, ನೂರಕ್ಕೆ ಒಂದರಷ್ಟು ಆಚೀಚೆ. ಕೈಯಲ್ಲಿ ಅಳೆದದ್ದು ಹಾಗೆಯೇ ಇರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಎಲ್ಲ ಸಾಲಿಗೂ ಒಂದೇ ಉತ್ತರ ಬರೆದುಕೊಂಡು ಬರುವ ಮಕ್ಕಳಿಗೆ ಇದನ್ನು ತೋರಿಸಬೇಕು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೊದಲ ಸಾಲಿನಲ್ಲಿ ಬಾಯ್ಲ್ ಪಾದರಸದ ಭಾರವನ್ನು ಹಾಕಿಯೇ ಇರಲಿಲ್ಲ! ಹಾಗಾದರೆ 29.1 ಎಲ್ಲಿಂದ ಬಂತು? ಅದು ಹೊರಗಿನ ಗಾಳಿಯ ಒತ್ತಡ. ಗಾತ್ರ ಅರ್ಧ ಮಾಡಲು ಅವನು ಸುರಿದದ್ದು ಸುಮಾರು 29.7 ಅಂಗುಲ ಮಾತ್ರ. ಪ್ರತಿ ಸಾಲಿಗೂ ಹೊರಗಿನ 29.1 ಅಂಗುಲವನ್ನು ಕೂಡಿಸಿ ಬರೆದ. ಕೂಡಿಸದಿದ್ದರೆ ನಿಯಮವೇ ಕಾಣುತ್ತಿರಲಿಲ್ಲ. ನಮ್ಮ ಮಕ್ಕಳು ಎಡವುವುದು ಸೂತ್ರದಲ್ಲಲ್ಲ, ಇಲ್ಲಿ. ನಾವು ಏನೂ ಒತ್ತದಿದ್ದರೆ ಒತ್ತಡ ಸೊನ್ನೆ ಎಂದುಕೊಳ್ಳುತ್ತಾರೆ.

ಸಿರಿಂಜು ಮತ್ತು ತೂಕದ ಬಟ್ಟು

ಇದನ್ನು ತರಗತಿಯಲ್ಲಿ ತೋರಿಸಲು ಮೆಡಿಕಲ್ ಶಾಪಿನಿಂದ ತಂದ 10 ಮಿ.ಲೀ. ಹೊಸ ಸಿರಿಂಜು ಸಾಕು. ಸೂಜಿ ಬೇಡ. ಬಳಸಿ ಎಸೆದದ್ದನ್ನು ಮಕ್ಕಳು ಮುಟ್ಟಲೇಬಾರದು. ಹಿಡಿಯನ್ನು 10ರ ಗೆರೆಗೆ ಎಳೆದು, ಮೂತಿಯನ್ನು ಎಂ-ಸೀಲ್ ಹಾಕಿ ಮುಚ್ಚಿ, ಒಣಗಿದ ಮೇಲೆ ನೆಟ್ಟಗೆ ನಿಲ್ಲಿಸಿ. ಮರದ ತುಂಡಿಗೆ ತೂತು ಕೊರೆದು ಸಿಕ್ಕಿಸಿದರೆ ಅಲುಗದೆ ನಿಲ್ಲುತ್ತದೆ.

ಸಿರಿಂಜಿನ ಒಳಗಿನ ಅಡ್ಡಳತೆ ಸುಮಾರು ಒಂದೂವರೆ ಸೆಂ.ಮೀ. ಹಾಗಾಗಿ ಹೊರಗಿನ ಗಾಳಿ ಅದರ ಹಿಡಿಯ ಮೇಲೆ ಒಂದೂಮುಕ್ಕಾಲು ಕೆ.ಜಿ.ಯಷ್ಟು ಆಗಲೇ ಒತ್ತುತ್ತಿದೆ. ಈಗ ಅಂಗಡಿಯಿಂದ ತೂಕದ ಬಟ್ಟು ತಂದು ನಿಧಾನವಾಗಿ ಏರಿಸಿ. ಒಂದೂಮುಕ್ಕಾಲು ಕೆ.ಜಿ. ಹತ್ತಿರ ಬಂದಾಗ ಹಿಡಿ 5ರ ಗೆರೆಗೆ ಇಳಿಯುತ್ತದೆ. ರಬ್ಬರ್ ಹಿಡಿದುಕೊಳ್ಳುವುದರಿಂದ ಸ್ವಲ್ಪ ಹೆಚ್ಚೇ ಬೇಕಾಗಬಹುದು, ಮೆಲ್ಲಗೆ ತಟ್ಟಿ.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಬೇಕು: ಇನ್ನೂ ಒಂದೂಮುಕ್ಕಾಲು ಕೆ.ಜಿ. ಇಟ್ಟರೆ ಏನಾಗುತ್ತದೆ? ಮೊದಲನೆಯದಕ್ಕೆ ಐದು ಇಳಿಯಿತು, ಎರಡನೆಯದಕ್ಕೆ ಇನ್ನೈದು ಇಳಿದು ಸೊನ್ನೆಯಾಗುತ್ತದೆ ಎಂದು ಅರ್ಧ ತರಗತಿ ಹೇಳುತ್ತದೆ. ಇಟ್ಟು ನೋಡಿದರೆ 3.3ರ ಬಳಿ ನಿಲ್ಲುತ್ತದೆ. ಮೂರನೆಯದಕ್ಕೆ 2.5. ಗಾಳಿಯನ್ನು ಅಮುಕಿದಷ್ಟೂ ಅದು ಜಿದ್ದು ಮಾಡುತ್ತದೆ. ಹೊರಗಿನ ಗಾಳಿಯನ್ನು ಒಂದು ಭಾರ ಎಂದು ಲೆಕ್ಕ ಹಿಡಿದರೆ ಭಾರ 1, 2, 3, 4 ಎಂದು ಏರಿತು. ಗಾತ್ರ 10, 5, 3.3, 2.5 ಎಂದು ಇಳಿಯಿತು. ಗುಣಿಸಿದರೆ ಯಾವಾಗಲೂ 10. ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಬರೆಯುವುದು ಇದಾದ ಮೇಲೆ ಇರಲಿ.

ಔಷಧಿ ಹೊಡೆಯುವವರಿಗೆ ಗೊತ್ತಿರುವ ವಿಷಯ

ನಮ್ಮ ಕಡೆ ಎಲೆಕೋಸು, ಟೊಮೇಟೊ ಬೆಳೆಯುವ ಮನೆಯ ಮಕ್ಕಳಿಗೆ ಸ್ಪ್ರೇಯರ್ ಹೊಸದಲ್ಲ. ಮೊದಲೇ ಗಾಳಿ ಪಂಪ್ ಮಾಡಿಕೊಂಡು ಆಮೇಲೆ ಹೊಡೆಯುವ ಬಗೆಯದನ್ನು ನೆನಪಿಸಿಕೊಳ್ಳಿ. ಟ್ಯಾಂಕಿಗೆ ಪೂರ್ತಿ ತುಂಬಬಾರದು, ಮೂರನೇ ಒಂದು ಪಾಲು ಖಾಲಿ ಬಿಡಬೇಕು ಎಂದು ಹಿರಿಯರು ಹೇಳುತ್ತಾರೆ. ಯಾಕೆ?

9 ಲೀಟರ್ ಟ್ಯಾಂಕಿಗೆ 6 ಲೀಟರ್ ಔಷಧಿ ಹಾಕಿ, 3 ಲೀಟರ್ ಜಾಗದ ಗಾಳಿಯನ್ನು ಮೀಟರ್ 3 ತೋರಿಸುವವರೆಗೆ ಒತ್ತಿದಿರಿ ಎನ್ನೋಣ. 3 ಲೀಟರ್ ಔಷಧಿ ಹೊರಗೆ ಹೋದ ಮೇಲೆ ಗಾಳಿಗೆ 6 ಲೀಟರ್ ಜಾಗ ಸಿಕ್ಕಿತು. ಗಾತ್ರ ಎರಡರಷ್ಟಾಯಿತು, ಹಾಗಾದರೆ ಮೀಟರ್ ಒಂದೂವರೆ ತೋರಿಸಬೇಕಲ್ಲವೇ? ತೋರಿಸುವುದಿಲ್ಲ. 1 ತೋರಿಸುತ್ತದೆ. ಮೀಟರ್ ಹೇಳುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ನಿಜವಾದ ಒತ್ತಡ 3ಕ್ಕೆ ಹೊರಗಿನ 1 ಸೇರಿಸಿ 4. ಅದು ಅರ್ಧವಾದರೆ 2. ಅದರಲ್ಲಿ ಹೊರಗಿನ 1 ಕಳೆದರೆ ಮೀಟರಿನಲ್ಲಿ 1. ಅದಕ್ಕೇ ಅರ್ಧ ಔಷಧಿ ಮುಗಿಯುವಾಗಲೇ ಹನಿ ದಪ್ಪವಾಗಿ, ದೂರ ಹೋಗದೆ, ಮತ್ತೆ ಪಂಪ್ ಮಾಡಬೇಕಾಗುವುದು.

ದುರಾಸೆಯಿಂದ 8 ಲೀಟರ್ ತುಂಬಿದರೆ ಗಾಳಿಗೆ ಉಳಿಯುವುದು ಒಂದೇ ಲೀಟರ್. ಆಗ ಒಂದು ಲೀಟರ್ ಹೊಡೆಯುವಷ್ಟರಲ್ಲೇ ಮೀಟರ್ 3ರಿಂದ 1ಕ್ಕೆ ಬೀಳುತ್ತದೆ. ಸೈಕಲ್ ಶಾಪಿನ, ಪಂಕ್ಚರ್ ಅಂಗಡಿಯ ಮೀಟರುಗಳೂ ಹೀಗೆಯೇ. ಪರೀಕ್ಷೆಯ ಲೆಕ್ಕದಲ್ಲಿ ಟೈರಿನ ಒತ್ತಡ ಕೊಟ್ಟರೆ ಹೊರಗಿನದು ಸೇರಿದೆಯೇ ಇಲ್ಲವೇ ಎಂದು ಮೊದಲು ನೋಡಬೇಕು.

ಕಿವಿ ಮತ್ತು ಸಿಲಿಂಡರ್

ಘಾಟಿನಲ್ಲಿ ಕಿವಿ ಟಪ್ ಎನ್ನುವುದೂ ಇದೇ. ಕಿವಿಯ ತಮಟೆಯ ಹಿಂದೆ ಒಂದಿಷ್ಟು ಗಾಳಿ ಇರುತ್ತದೆ, ಅಲ್ಲಿಂದ ಗಂಟಲ ಕಡೆಗೆ ಸಣ್ಣ ನಾಳವಿದೆ. ಹತ್ತುವಾಗ ಆ ಗಾಳಿ ಹಿಗ್ಗಿ ನಾಳದಿಂದ ತಾನೇ ಹೊರಬೀಳುತ್ತದೆ. ಇಳಿಯುವಾಗ ಅದು ಕುಗ್ಗುತ್ತದೆ, ನಾಳ ಮಾತ್ರ ತಾನಾಗಿ ತೆರೆಯದು. ಅದಕ್ಕೆ ನೋವು ಹೆಚ್ಚಾಗಿ ಇಳಿಯುವಾಗಲೇ. ಉಗುಳು ನುಂಗಿದರೆ ನಾಳ ತೆರೆಯುತ್ತದೆ. ಬಣ್ಣಾರಿ ಕಡೆಗೆ ಇಳಿಯುವಾಗ ಕೂಸು ಅತ್ತರೆ ಎದೆಹಾಲು ಕುಡಿಸಿ, ದೊಡ್ಡ ಮಕ್ಕಳಾದರೆ ಬಾಯಿಗೆ ಒಂದು ಮಿಠಾಯಿ. ನೆಗಡಿಯಾಗಿದ್ದರೆ ನಾಳ ಊದಿಕೊಂಡು ಸುಲಭವಾಗಿ ತೆರೆಯುವುದಿಲ್ಲ.

ಇಷ್ಟು ಹೇಳುವಾಗ ರೈತರು ಕೇಳಿದರು, "ಹಂಗಾದ್ರ ಗ್ಯಾಸ್ ಸಿಲಿಂಡರ್ ಅರ್ಧ ಆದಾಗ ಒತ್ತಡನೂ ಅರ್ಧ ಆಗ್ಬೇಕಲ್ಲಣ್ಣ? ಒಲೆ ಕೊನೇವರ್ಗೂ ಒಂದೇ ತರ ಉರಿತದಲ್ಲ?" ಒಳ್ಳೆಯ ಪ್ರಶ್ನೆ. ಬಾಯ್ಲ್ ನಿಯಮ ಅಲ್ಲಿ ನಡೆಯುವುದಿಲ್ಲ. ಅಡುಗೆ ಸಿಲಿಂಡರಿನಲ್ಲಿರುವುದು ಬಹುಪಾಲು ದ್ರವ. ಅಲ್ಲಾಡಿಸಿದರೆ ಗುಳುಗುಳು ಎನ್ನುವುದು ಅದೇ. ಮೇಲಿನ ಅನಿಲ ಉರಿದು ಹೋದಂತೆ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ. ನಿಯಮಕ್ಕೆ 'ನಿರ್ದಿಷ್ಟ ರಾಶಿ'ಯ ಅನಿಲ ಬೇಕು, ಇಲ್ಲಿ ಅನಿಲ ಹುಟ್ಟುತ್ತಲೇ ಇರುತ್ತದೆ. ಕೊನೆಯ ದ್ರವ ಮುಗಿಯುವವರೆಗೂ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಕ ಹಾಕಬೇಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದನ್ನು ಕಳೆದರೆ ಉಳಿದ ಗ್ಯಾಸ್. ಹೊಸದರಲ್ಲಿ 14.2 ಕೆ.ಜಿ. ಇರಬೇಕು.

ಹುಡುಗಿ ಇದೆಲ್ಲ ಕೇಳಿಕೊಂಡು ಸುಮ್ಮನಿದ್ದಳು. ಹಾಸನೂರು ಬಂದಾಗ ತಮ್ಮನ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿ, "ದಿಂಬಂನಲ್ಲಿದ್ದಷ್ಟು ಬಿಗಿ ಇಲ್ಲ, ನಾವು ಸ್ವಲ್ಪ ಕೆಳಕ್ಕೆ ಇಳ್ದಿದ್ದೀವಾ?" ಎಂದಳು. ಇಳಿದಿದ್ದೆವು. ನಾನು ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ಸತ್ಯಮಂಗಲಕ್ಕೆ ಹೋಗುವಾಗ ಖಾಲಿ ಬಾಟಲಿ ಒಯ್ಯುವುದಾಗಿಯೂ, ಅಳೆಯಲು ಅಪ್ಪನ ಔಷಧಿ ಅಳತೆಯ ಲೋಟ ಬೇಡವೆಂದೂ ಹೇಳಿದಳು. ಅದರಲ್ಲಿ ವಿಷದ ವಾಸನೆ ಇರುತ್ತದಂತೆ.

ಅಷ್ಟರಲ್ಲಿ ಹುಡುಗ ತಡೆಯಲಾರದೆ ಪೊಟ್ಟಣ ಕಿತ್ತುಕೊಂಡು ಹರಿದೇಬಿಟ್ಟ. ಟಪ್ ಎಂದ ಸದ್ದಿಗೆ ಕಂಡಕ್ಟರ್ ಹಿಂದೆ ತಿರುಗಿ ನೋಡಿದರು. ಒಳಗೆ ಇಣುಕಿದರೆ ಚಿಪ್ಸ್ ಅರ್ಧ ಪೊಟ್ಟಣವೂ ಇರಲಿಲ್ಲ.